ಪೋಸ್ಟರಿನ ಮುಖಕ್ಕೊಂದು ದೃಷ್ಟಿಬೊಟ್ಟು

"ಮುಷ್ಟಿ ಇನ್ನೂ ಸ್ವಲ್ಪ ಮೇಲೆತ್ತಿ ಅಂಕಲ್. ಗದ್ದಾನೂ," ಎಂದಳು ನಿಶಿತಾ.

ವೆಂಕಟಗಿರಿ ಅಂಗಿಯ ತೋಳು ಮಡಚಿ ನಿಂತಿದ್ದರು. "ಯುದ್ಧ ಯಾರ ಮೇಲಮ್ಮ?"

"ಗೊತ್ತಿಲ್ಲ. ಕ್ಯಾರಲ್ ಕೇಳಿರೋದು ಬರೀ ಪೋಸ್ಟರ್."

ದ ವುಡ್‌ಲ್ಯಾಂಡ್ಸ್ ಎಂಬ ಊರಿನ ಆ ಎಣ್ಣೆ ಕಂಪನಿಯಲ್ಲಿ ಲೇಆಫ್ ಸುದ್ದಿ ಹಬ್ಬಿ ಎಲ್ಲರ ಎದೆಯಲ್ಲೂ ಅವಲಕ್ಕಿ ಕುಟ್ಟುತ್ತಿತ್ತು. ಮಹಾಯುದ್ಧದ ಕಾಲದಲ್ಲಿ ಗೋಡೆಗೋಡೆಗೂ ಪೋಸ್ಟರ್ ಅಂಟಿಸಿ ಜನರಿಗೆ ಧೈರ್ಯ ತುಂಬಿರಲಿಲ್ಲವೇ, ನಾವೂ ಹಾಗೇ ಮಾಡೋಣ ಎಂದು ಮ್ಯಾನೇಜರ್ ಕ್ಯಾರಲ್ ನಿರ್ಧರಿಸಿದ್ದರು. ಕಂಪನಿಯ ಚಿತ್ರಗಾರ್ತಿ ನಿಶಿತಾ ಆ ಹಳೆಯ ಪೋಸ್ಟರ್‌ಗಳನ್ನೆಲ್ಲ ತಿರುವಿ ಹಾಕಿದ್ದಳು. ಕಾರ್ಖಾನೆಯ ಹೆಂಗಸರು, ರೈತರು, ನಾವಿಕರು. ಒಬ್ಬರ ಮುಖದಲ್ಲೂ ನಿದ್ದೆಗೆಟ್ಟ ಗುರುತಿಲ್ಲ. ವೆಂಕಟಗಿರಿಯವರ ಕಣ್ಣ ಕೆಳಗಿನ ಕಪ್ಪನ್ನು ಅವಳೂ ಬರೆಯಲಿಲ್ಲ. ಅದೇ ಕಂಪನಿಯಲ್ಲಿ ದುಡಿಯುತ್ತ, ಗ್ರೀನ್ ಕಾರ್ಡಿಗೆ ಕಾದೂ ಕಾದೂ ತಲೆ ನೆರೆತ ಮನುಷ್ಯ. ಕೆಲಸ ಹೋದರೆ ದೇಶವನ್ನೇ ಬಿಡಬೇಕು. ಅವಳ ಪಾಡೂ ಅದೇ, ತಲೆ ಮಾತ್ರ ಇನ್ನೂ ನೆರೆತಿರಲಿಲ್ಲ.

"ಪೋಸ್ಟರ್ ಮೇಲಿರೋನನ್ನ ತೆಗೀತಾರೇನಮ್ಮ?" ಎಂದು ನಕ್ಕವರು ದನಿ ತಗ್ಗಿಸಿದರು. "ನಮ್ಮನೆಯವಳು ಹೇಳಿದಾಳೆ, ಅಷ್ಟು ದೊಡ್ಡ ಮುಖ, ಎಲ್ಲರ ಕಣ್ಣೂ ಬೀಳುತ್ತೆ, ಕೆನ್ನೆ ಮೇಲೊಂದು ದೃಷ್ಟಿಬೊಟ್ಟು ಇಡಿಸಿ ಅಂತ."

ನಿಶಿತಾಳಿಗೆ ನಗು ಬಂತು. ಆದರೂ ಇಟ್ಟಳು.

ಪೋಸ್ಟರ್ ನೋಡಿ ಕ್ಯಾರಲ್ ಹಿಗ್ಗಿದರು. "ಅದ್ಭುತ! ಕೆನ್ನೆಯ ಆ ಕಲೆ ಮಾತ್ರ ತೆಗೆದುಬಿಡು." ದೃಷ್ಟಿ ಗಿಷ್ಟಿ ಎಂದು ವಿವರಿಸಲು ನಿಶಿತಾಳಿಗೆ ನಾಚಿಕೆಯಾಯಿತು. ಒಂದೇ ಕ್ಲಿಕ್ಕಿಗೆ ಬೊಟ್ಟು ಹೋಯಿತು.

"ನಾವಿದ್ದೇವೆ, ಜಗ್ಗುವುದಿಲ್ಲ!" ಎನ್ನುತ್ತ ಪೋಸ್ಟರ್ ಲಾಬಿಯ ಗೋಡೆಗೇರಿತು. ಸುಳ್ಳು ಯಾಕೆ ಹೇಳಬೇಕು, ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು, ಕ್ಯಾಂಟೀನಿನಲ್ಲಿ ಮತ್ತೆ ನಗು ಕೇಳಿಸಿತು.

ಮುಂದಿನ ಸೋಮವಾರ ವೆಂಕಟಗಿರಿಯವರ ಬ್ಯಾಡ್ಜಿಗೆ ಬಾಗಿಲು ತೆರೆಯಲಿಲ್ಲ. ಗಾಜಿನ ಬಾಗಿಲ ಒಳಗಡೆ ಅವರದೇ ಮುಖ ಮುಷ್ಟಿ ಎತ್ತಿ ನಿಂತಿತ್ತು. ನಿಶಿತಾ ಹೊರಗೆ ಓಡಿದಳು.

"ಬೊಟ್ಟು ಇಡಲಿಲ್ವೇನಮ್ಮ?" ಎಂದಷ್ಟೇ ಕೇಳಿದರು.

"ಇಟ್ಟಿದ್ದೆ ಅಂಕಲ್..." ಎಂದವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಧ್ಯಾಹ್ನ ಕ್ಯಾರಲ್ ಅವಳ ಮೇಜಿನ ಬಳಿ ಬಂದರು. "ಆ ಪೋಸ್ಟರ್ ಇನ್ನು ಬೇಡ. ಹೊಸದೊಂದು ಮಾಡು. ಈ ಸಲ ನಿನ್ನದೇ ಮುಖ ಇರಲಿ."

ನಿಶಿತಾ ಪರದೆಯ ಮೇಲೆ ಖಾಲಿ ಪುಟ ತೆರೆದಳು. ಕಣ್ಣು, ಮೂಗು, ಬಾಯಿ ಯಾವುದನ್ನೂ ಇನ್ನೂ ಬರೆದಿರಲಿಲ್ಲ. ಕೆನ್ನೆ ಬರಬೇಕಾದ ಜಾಗವನ್ನು ಅಂದಾಜು ಮಾಡಿ, ಮೊದಲು ಅಲ್ಲೊಂದು ಕಪ್ಪು ಬೊಟ್ಟು ಇಟ್ಟಳು.