ಮೇಜಿನ ಈ ಬದಿ

“ನಿಮ್ಮ ಸೇವೆ ಕಂಪನಿಗೆ ಇನ್ನು ಬೇಕಾಗಿಲ್ಲ” ಎಂದು ಮಗಳು ಹೇಳಿದಳು.

ಅಪ್ಪ ತಲೆ ಅಲ್ಲಾಡಿಸಿದ. “ಇದು ಸರಿ ಇಲ್ಲ. ಮತ್ತೆ ಹೇಳು.”

ಅಡುಗೆಮನೆಯ ಮೇಜಿನ ಆ ಕಡೆ ಮಗಳು, ಈ ಕಡೆ ಅಪ್ಪ. ಒಲೆಯ ಮುಂದೆ ಅಮ್ಮ. ಮಗಳು ವಿಶ್ವವಿದ್ಯಾಲಯದಲ್ಲಿ ವ್ಯವಹಾರ ಮತ್ತು ಮಾನವ ಸಂಪನ್ಮೂಲ ನಿರ್ವಹಣೆ ಓದುತ್ತಿದ್ದಳು. ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದು ಹೇಗೆಂದು ಮೊದಲು ಕಲಿಸಿದರು. ತೆಗೆಯುವುದು ಹೇಗೆಂದು ಕೊನೆಯ ವರ್ಷ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ತೆಗೆಯಬೇಕು ಎನ್ನುತ್ತಿದ್ದರು ಪ್ರಾಧ್ಯಾಪಕರು. ಕೂದಲಿಗೆ ಏನನ್ನಿಸುತ್ತದೆ ಎಂಬುದು ಪಠ್ಯದಲ್ಲಿ ಇರಲಿಲ್ಲ.

ನಾಳೆ ಅವಳ ಕೊನೆಯ ಪ್ರಾಯೋಗಿಕ ಪರೀಕ್ಷೆ. ಹತ್ತಾರು ಕಾರ್ಖಾನೆಗಳ ಪರವಾಗಿ ಜನರನ್ನು ತೆಗೆಯುವ ಕೆಲಸವನ್ನು ಗುತ್ತಿಗೆ ಹಿಡಿದ ಕಚೇರಿಯೊಂದರಲ್ಲಿ, ನಿಜವಾದ ಕೆಲಸಗಾರನೊಬ್ಬನಿಗೆ ನಿಜವಾಗಿಯೇ ಕೆಲಸ ಹೋಗಿದೆ ಎಂದು ಹೇಳಬೇಕು. ಯಾರು, ಯಾವ ಕಾರ್ಖಾನೆಯವರು ಎಂಬುದು ಆ ಮನುಷ್ಯ ಎದುರಿಗೆ ಬಂದು ಕೂರುವವರೆಗೂ ಗುಟ್ಟು. ಮೊದಲೇ ತಿಳಿದರೆ ಹೇಳುವವರ ಮನಸ್ಸು ಕರಗುತ್ತದೆಂದು ಆ ಕಚೇರಿಯವರು ಮಾಡಿಕೊಂಡ ನಿಯಮ. ಚೆನ್ನಾಗಿ ಹೇಳಿದರೆ ಅಲ್ಲೇ ನೌಕರಿ. ತಡವರಿಸಿದರೆ, ಇಲ್ಲವೇ ಎದ್ದು ಬಂದರೆ, ಇಡೀ ವರ್ಷ ನೀರುಪಾಲು.

ಅಭ್ಯಾಸ ಮಾಡಿಸು ಎಂದಾಗ ಅಪ್ಪ ಮೊದಲು ಒಪ್ಪಿರಲಿಲ್ಲ. ಸಾಬೂನು ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ. “ಸುಸ್ತಾಗಿದೆ ಪುಟ್ಟಿ, ನಿಮ್ಮಮ್ಮನ್ನ ಕೆಲಸದಿಂದ ತೆಗಿ” ಎಂದಿದ್ದ.

“ತೆಗೀಲಿ ನೋಡೋಣ, ಊಟ ಎಲ್ಲಿಂದ ಬರುತ್ತೆ ಅಂತ” ಎಂದಿದ್ದಳು ಅಮ್ಮ.

ಆಮೇಲೆ ಪರೀಕ್ಷೆ ಎಲ್ಲಿ ಎಂದು ಕೇಳಿದ. ಗಡಿಯಾರದ ಕಟ್ಟಡದ ಆರನೇ ಮಹಡಿ, ಬೆಳಗಿನ ಮೊದಲ ಸರದಿಯೇ ತನ್ನದು ಎಂದು ಮಗಳು ಹೇಳಿದಳು. “ಆರನೇ ಮಹಡೀನಾ? ಮೊದಲನೇ ಸರದೀನಾ?” ಎಂದು ಅವನು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡ. ನಂತರ ಕುರ್ಚಿ ಎಳೆದುಕೊಂಡು, “ಬಾ, ಶುರು ಮಾಡು” ಎಂದ.

ಈಗ ನೋಡಿದರೆ ಅವನೇ ಮೇಷ್ಟ್ರು.

“ಮೇಜು ಅಡ್ಡ ಇಟ್ಕೊಂಡು ಹೇಳ್ಬೇಡ. ಪೊಲೀಸ್ ಸ್ಟೇಷನ್ನಲ್ಲಿ ಕೂತ ಹಾಗಾಗುತ್ತೆ. ನಿನ್ನ ಬದಿಗೆ ಕೂರಿಸ್ಕೋ.” ಎದ್ದು ತನ್ನ ಕುರ್ಚಿಯನ್ನು ಎತ್ತಿ ಅವಳ ಬದಿಗೆ ತಂದು ಹಾಕಿಕೊಂಡ. “ಮೊದಲು ನೀರು ಕೊಡು. ಮನೇಲಿ ಎಷ್ಟು ಜನ ಅಂತೆಲ್ಲ ಕೇಳ್ಬೇಡ. ಬಂದವನಿಗೆ ವಿಷಯ ಗೊತ್ತಿರುತ್ತೆ. ಬೇಗ ಹೇಳಿ ಮುಗಿಸು.”

“ಗೊತ್ತಿದ್ರೆ ಯಾಕಪ್ಪಾ ಬರ್ತಾನೆ?”

“ಬರ್ಲಿಲ್ಲ ಅಂದ್ರೆ ನಿಂಗೆ ಮಾರ್ಕ್ಸ್ ಯಾರು ಕೊಡ್ತಾರೆ?”

ಮಗಳು ನಕ್ಕಳು. ಲೋಟ ಸರಿಸಿಟ್ಟು, “ನೋಡಿ, ನಿನ್ನ...” ಎಂದಳು.

“ನಿಮ್ಮ” ಎಂದು ಅಪ್ಪ ತಿದ್ದಿದ. “ಯಾರೇ ಬಂದು ಕೂತಿರ್ಲಿ, ನೀವು ಅನ್ನಬೇಕು.”

ಅವಳು ಮತ್ತೆ ಶುರು ಮಾಡಿದಳು. ಹೊಸ ಯಂತ್ರ ಬಂದಿದೆ, ನಿಮ್ಮ ವಿಭಾಗ ಮುಚ್ಚುತ್ತಿದೆ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದಳು. ಅಪ್ಪನ ಮುಖ ಎಷ್ಟು ಸಣ್ಣದಾಯಿತೆಂದರೆ, ಅದು ಆಟವೆಂದು ಗೊತ್ತಿದ್ದೂ ಮಗಳ ಕಣ್ಣು ತುಂಬಿತು.

“ಅಳಬಾರದು” ಎಂದ ಅವನು ಮೆಲ್ಲಗೆ. “ಕೆಲಸ ಹೋದವನು ಅತ್ರೆ ಅಳ್ಲಿ. ಹೇಳೋರು ಅಳಬಾರದು. ನೀನು ಅತ್ರೆ ಅವನೇ ನಿನ್ನನ್ನ ಸಮಾಧಾನ ಮಾಡ್ಬೇಕಾಗುತ್ತೆ. ಆ ಬಡಪಾಯಿಗೆ ಅದೊಂದು ಕೆಲಸ ಬೇರೆ.”

ಅಮ್ಮನ ಸೌಟು ಕೈಯಲ್ಲೇ ನಿಂತಿತು. ಇದು ಕಲ್ಪಿಸಿಕೊಂಡು ಹೇಳುವ ಮಾತಲ್ಲ. ಸಾಬೂನು ಪೊಟ್ಟಣ ಕಟ್ಟುವುದಕ್ಕೆ ಯಂತ್ರ ತಂದಿದ್ದಾರೆ ಎಂದು ಇವರೇ ಹೋದ ತಿಂಗಳು ಹೇಳಿದ್ದರು. ಇವರು ಕೆಲಸ ಕಳೆದುಕೊಳ್ಳುವವರ ಆ ಕುರ್ಚಿಯಲ್ಲಿ ಕೂತೆದ್ದು ಬಂದಿದ್ದಾರೆ. ಕೆಲಸ ಎಂದೋ ಹೋಗಿದೆ. ದಿನವೂ ಊಟದ ಡಬ್ಬಿ ಹಿಡಿದು ಯಾವುದೋ ಪಾರ್ಕಿನಲ್ಲಿ ಹೊತ್ತು ಕಳೆದು ಬರುತ್ತಿದ್ದಾರೆ.

ಮಗಳು ಒಳಗೆ ಹೋದ ಮೇಲೆ ಅಮ್ಮನಿಗೆ ತಡೆಯಲಾಗಲಿಲ್ಲ. “ರೀ, ನಿಜ ಹೇಳಿ. ಕೆಲಸ ಹೋಯ್ತಾ?”

ಅವನು ಎರಡೂ ಅಂಗೈಗಳನ್ನು ಅವಳ ಮೂಗಿನ ಹತ್ತಿರ ಹಿಡಿದ. “ಮೂಸಿ ನೋಡು.”

ನಿಂಬೆ ಸಾಬೂನಿನ ವಾಸನೆ ಘಮ್ಮೆಂದಿತು. ಉಗುರಿನ ಸಂದಿಯಲ್ಲಿ ಹಸಿರು ಪುಡಿ ಇನ್ನೂ ಹಸಿಯಾಗಿತ್ತು. ಪಾರ್ಕಿನ ಬೆಂಚಿನ ಮೇಲೆ ಅದು ಅಂಟುವುದಿಲ್ಲ.

“ಮತ್ತೆ ಇದೆಲ್ಲ ಎಲ್ಲಿ ಕಲಿತ್ರಿ?”

“ಈ ತಿಂಗಳು ಎಷ್ಟು ಜನ ಹೋದ್ರು ನಮ್ಮಲ್ಲಿ. ಬಂದು ಹೇಳ್ಕೊಳ್ತಾರೆ, ಅಳ್ತಾರೆ. ಕಿವಿ ಮುಚ್ಕೊಳ್ಳೋಕಾಗುತ್ತಾ?”

ಅವಳಿಗೆ ಹೋದ ಜೀವ ಬಂದಂತಾಯಿತು. ಗಂಡನನ್ನು ಅನುಮಾನಿಸಿದ್ದಕ್ಕೆ ನಾಚಿಕೆಯೂ ಆಯಿತು.

“ಆ ನೀಲಿ ಅಂಗಿಗೆ ಇಸ್ತ್ರಿ ಹಾಕಿಡು” ಎಂದ ಅವನು.

“ಸೋಪಿನ ಪುಡಿ ಮೆತ್ಕೊಳ್ಳೋಕೆ ಇಸ್ತ್ರಿ ಅಂಗಿ ಬೇರೆ ಕೇಡು.”

“ನಾಳೆ ಮೇಲಿನೋರನ್ನ ನೋಡೋದಿದೆ.”

ಬಡ್ತಿಯ ಮಾತಿರಬಹುದೇ ಎಂದುಕೊಂಡು ಅವಳು ಕಾಲರಿಗೆ ಎರಡೆರಡು ಸಲ ಇಸ್ತ್ರಿ ಎಳೆದಳು.

ಮರುದಿನ ಬೆಳಗ್ಗೆ ಆರನೇ ಮಹಡಿಯ ಕೋಣೆಯಲ್ಲಿ ಮಗಳು ನೀರಿನ ಲೋಟವನ್ನು ಕೈಗೆಟುಕುವ ಹಾಗೆ ಇಟ್ಟುಕೊಂಡಳು. ಮೂಲೆಯಲ್ಲಿ ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಅವಳಿಗೆ ಅಂಥ ಹೆದರಿಕೆ ಇರಲಿಲ್ಲ. ಅಪ್ಪ ಹೇಳಿದ್ದೆಲ್ಲ ಬಾಯಿಪಾಠವಾಗಿತ್ತು. ಬರುವವರು ಯಾರೇ ಆಗಲಿ, ತಾನು ಅಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದಳು. “ಕರೆಸಲಾ?” ಎಂದರು ಪರೀಕ್ಷಕರು. ಅವಳು ಹೂಂ ಎಂದಳು.

ನೀಲಿ ಇಸ್ತ್ರಿ ಅಂಗಿಯ ಮನುಷ್ಯ ಒಳಗೆ ಬಂದು, ಎದುರಿಗಿದ್ದ ಕುರ್ಚಿಯನ್ನು ಎತ್ತಿ ಮೇಜಿನ ಈ ಬದಿಗೆ, ಅವಳ ಪಕ್ಕಕ್ಕೆ ಹಾಕಿಕೊಂಡು ಕೂತ. ತಾನೇ ನೀರು ತೆಗೆದುಕೊಂಡು ಕುಡಿದು, ಅವಳನ್ನು ಎಂದೂ ನೋಡಿರದವನ ಹಾಗೆ, “ಹೇಳಿ ಮೇಡಂ” ಎಂದ.