ನಾಳೆ ನೋಡ್ತೀನಿ

"ಬಂತು ಕಣೇ, ಬಿಸಿನೀರು ಬಂತು! ಕೈ ಸುಡ್ತಿದೆ!" ನಲ್ಲಿಗೆ ಕೈಯೊಡ್ಡಿ ನಿಂತಿದ್ದ ಅತ್ತೆ ಕೂಗಿದರು.

ಸೊಸೆ ಸ್ಟೂಲಿನಿಂದ ಧುಮುಕಿದಳು. ಊರಿಗೆಲ್ಲ ಗೀಸರ್ ರಿಪೇರಿ ಮಾಡುವ ಗಂಡ, ಮನೆಯದಕ್ಕೆ ಮಾತ್ರ ಎರಡು ತಿಂಗಳಿಂದ "ನಾಳೆ ನೋಡ್ತೀನಿ" ಎನ್ನುತ್ತಿದ್ದ. ಇವತ್ತು ಅವಳೇ ಕರೆಂಟ್ ತೆಗೆದು, ನೀರು ಬಸಿದು, ಕಾಯಿಲ್ ಬಿಚ್ಚಿ, ಅದಕ್ಕೆ ಬೆರಳು ದಪ್ಪ ಕಟ್ಟಿದ್ದ ಉಪ್ಪನ್ನು ಹಳೇ ಚಮಚದಲ್ಲಿ ಕೆರೆದು ಹಾಕಿ, ಎಲ್ಲ ಮತ್ತೆ ಜೋಡಿಸಿದ್ದಳು.

ಕೂಗು ಕೇಳಿ ಗಂಡ ಓಡಿ ಬಂದ. ನೀರು ಮುಟ್ಟಿದವನೇ ಕೈ ಹಿಂದೆಳೆದುಕೊಂಡ. "ನಾನಿರುವಾಗ ಬೇರೆ ಮೆಕ್ಯಾನಿಕ್‌ನ ಕರೆಸಿದ್ರಾ? ಯಾರವನು?"

ಅವಳು ಚಮಚ ಎತ್ತಿ ತೋರಿಸಿದಳು.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಅತ್ತೆ ಅದನ್ನು ಕಿತ್ತುಕೊಂಡು ಕಿವಿಗಿಟ್ಟರು. "ಗೀಸರ್ ಕೆಟ್ಟಿದ್ಯಾ? ಮಗ ಬೇಕಂದ್ರೆ ನಾಳೆ. ಸೊಸೆ ಆದ್ರೆ ಈಗಲೇ ಹೊರಡ್ತಾಳೆ!"