ಕಡೇ ಪ್ರತಿ

ಹನುಮಸಾಗರದ ಕನಕಪ್ಪ ಬರುತ್ತಿರುವುದನ್ನು ದೂರದಿಂದಲೇ ಕಂಡ ಲಕ್ಷ್ಮಣಪ್ಪ, ಚಾಪೆಯ ಮೇಲಿದ್ದ ಕೆಂಪು ರಟ್ಟಿನ ಪುಸ್ತಕವನ್ನೂ ಅದರ ಪಕ್ಕದ ಪಾಟಿಯನ್ನೂ ಗಡಬಡಿಸಿ ತಾನು ಕೂತಿದ್ದ ಕಂಬಳಿಯ ಕೆಳಗೆ ತಳ್ಳಿದ. ಕುಷ್ಟಗಿ ಸಂತೆಗೆ ಅವನು ಹಿಂದಿನ ಸಲ ಪುಸ್ತಕ ಮಾರಲು ಬಂದು ಹೋಗಿ ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ಜನ ಎಲ್ಲ ಮರೆತಿರುತ್ತಾರೆ ಎಂದುಕೊಂಡಿದ್ದ. ಇವನೊಬ್ಬ ಜಗಳ ತೆಗೆಯಲು ನೆನಪಿಟ್ಟುಕೊಂಡು ಬಂದನಲ್ಲ ಎಂದು ಬೈದುಕೊಂಡ.

ಕನಕಪ್ಪ ಜಗಳ ತೆಗೆಯಲಿಲ್ಲ. ಹೆಗಲ ಮೇಲಿನ ಗಂಟು ಬಿಚ್ಚಿ, ಅಂಥದೇ ಕೆಂಪು ರಟ್ಟಿನ ಪುಸ್ತಕವೊಂದನ್ನು ತೆಗೆದು ಚಾಪೆಯ ಮೇಲಿಟ್ಟ.

"ನಾಕು ಸಂತಿ ಬಂದು ತಿರುಗಿ ಹ್ವಾದ್ನಿರಿ, ನೀವ ಇರಲಿಲ್ಲ. ಇದನ್ನ ಆ ಅಜ್ಜಿಗೆ ಮುಟ್ಟಸಬೇಕ್ರಿ."

"ಯಾಕ, ನಿನಗ ಬ್ಯಾಡೇನು?"

"ನಾ ಪೂರಾ ನಕಲು ಮಾಡ್ಕೊಂಡೀನ್ರಿ." ಗಂಟಿನೊಳಗಿಂದ ಇನ್ನೊಂದು ಕಟ್ಟು ಹೊರಬಂತು. ಚಾವಡಿಯವರು ರದ್ದಿಗೆ ಹಾಕಿದ ನಿಜಾಮ ಸರ್ಕಾರದ ಫಾರಂಗಳು. ಒಂದು ಮೈಗೆ ಉರ್ದು ಅಚ್ಚು, ಇನ್ನೊಂದು ಮೈಗೆ ಕನಕಪ್ಪ ತಿದ್ದಿ ತಿದ್ದಿ ಬರೆದ ದಪ್ಪ ಕನ್ನಡ ಅಕ್ಷರ. ಹಗಲೆಲ್ಲ ಕೂಲಿ ಮಾಡುವವನ ಕೈಬರಹ.

ಯಾವ ಅಜ್ಜಿ ಎಂದು ಲಕ್ಷ್ಮಣಪ್ಪನಿಗೆ ಗೊತ್ತಿತ್ತು. ಮೂರು ತಿಂಗಳ ಹಿಂದಿನ ಆ ಸಂತೆಯಲ್ಲಿ ಅವನ ಪಾಟಿಯ ಮೇಲೆ 'ಕಡೇ ಪ್ರತಿ. ಯುದ್ಧದಿಂದ ಕಾಗದವಿಲ್ಲ, ಮತ್ತೆ ಅಚ್ಚಾಗುವುದಿಲ್ಲ' ಎಂದಿತ್ತು. ಅದನ್ನೇ ಬಾಯಲ್ಲೂ ಕೂಗುತ್ತಿದ್ದ. ಮೆಣಸಿನಕಾಯಿ ಮಾರುವ ಯಮನೂರಮ್ಮ, ಕಣ್ಣು ಹೋಗಿ ಮನೆಯಲ್ಲಿ ಕೂತ ಗಂಡನಿಗೆ ಯಾರಿಂದಲಾದರೂ ಓದಿಸೋಣವೆಂದು ಆ ಪುಸ್ತಕಕ್ಕೆ ಕೈಚಾಚಿದ್ದಳು. ಕನಕಪ್ಪ ಬಂದದ್ದು ಮಗಳಿಗೆ ಅಂಕಲಿಪಿ ಕೊಳ್ಳಲು. ಪಾಟಿ ಓದಿದ್ದೇ ಅಂಕಲಿಪಿ ಮರೆತ. ಮುದುಕಿಯ ಕೈ ಸರಿಸಿ ಕತೆ ಪುಸ್ತಕ ಎತ್ತಿಕೊಂಡ.

ಆ ಪುಸ್ತಕ ಗದಗಿನಿಂದ ಬಂದಾಗ ಇನ್ನೂರು ಪ್ರತಿ ಇದ್ದವು. ರಾಶಿ ಹಾಕಿಟ್ಟ ಎರಡು ತಿಂಗಳು ಒಂದು ನರಪಿಳ್ಳೆಯೂ ಮುಟ್ಟಿ ನೋಡಲಿಲ್ಲ. ಒಂದೇ ಇಡು, ಉಳಿದದ್ದು ಮುಚ್ಚಿಡು ಎಂದು ಕಳಿಸಿದವರೇ ಉಪಾಯ ಹೇಳಿಕೊಟ್ಟರು. ಲಕ್ಷ್ಮಣಪ್ಪ ಉಳಿದದ್ದನ್ನೆಲ್ಲ ಗೋಣಿತಟ್ಟಿನಲ್ಲಿ ಸುತ್ತಿ, ಮೇಲೆ ಕಂಬಳಿ ಹಾಸಿ, ಅದನ್ನೇ ಗಾದಿ ಮಾಡಿಕೊಂಡು ಕುಳಿತ. ಯಲಬುರ್ಗಾ, ಗಂಗಾವತಿ, ಕೊಪ್ಪಳ ಎಂದು ಸುತ್ತುತ್ತ, ಕೊಂಡವನು ಮರೆಯಾದೊಡನೆ ಬುಡದಿಂದ ಇನ್ನೊಂದು ತೆಗೆಯುವುದು. ಹಾಗೆ ಆ ಕಡೇ ಪ್ರತಿ ಅರವತ್ತು ಸಲ ಮಾರಾಟವಾಯಿತು. ಪಕ್ಕದಲ್ಲಿದ್ದ ಅಂಕಲಿಪಿಗಳು ಧೂಳು ತಿಂದವು. ತಾನು ಮಾತ್ರ ಆ ಕತೆಯನ್ನು ಹತ್ತು ಪುಟದಾಚೆ ಓದಲಾರದೆ ಬಿಟ್ಟಿದ್ದ.

"ಅವತ್ತ ಮನಿಗೆ ಹೋದ್ರ ಮಗಳು ಅಂಕಲಿಪಿ ಎಲ್ಲೈತಿ ಅಂದ್ಲು," ಕನಕಪ್ಪ ನೆಲ ನೋಡುತ್ತ ಹೇಳಿದ. "ಭಾಳ ನಾಚಿಕಿ ಆತ್ರಿ. ಮುದಿಜೀವದ ಕೈ ದೂಡಿ ತಂದೀನಲ್ಲ, ಉಂಡದ್ದು ಮೈಗೆ ಹತ್ತಲಿಲ್ಲ. ಎಲ್ಲಾ ಕಡೆ ಮುಗದು ಇದೊಂದ ಉಳದೈತಿ ಅಂದಮ್ಯಾಲೆ, ನಾ ಒಬ್ಬಾಂವನ ಹೆಂಗ ಇಟ್ಕೊಳ್ಳಿ?"

ಲಕ್ಷ್ಮಣಪ್ಪನ ಕೈ ಕಂಬಳಿಯ ಅಂಚಿಗೆ ಹೋಯಿತು. ಕಂಬಳಿ ಎತ್ತಿ 'ತಮ್ಮಾ, ಇಲ್ಲಿ ನೋಡು' ಎಂದರೆ ಮುಗಿದುಹೋಗುತ್ತಿತ್ತು. ಮಾತು ನಾಲಗೆಯ ತುದಿಗೂ ಬಂತು. ಆದರೆ ಕಣ್ಣು ಆ ದಪ್ಪ ಅಕ್ಷರಗಳ ಮೇಲೆ ಬಿತ್ತು. ಮೂರು ತಿಂಗಳು ಕೂತು ಬರೆದವನಿಗೆ ಅದನ್ನು ಹೇಳುವುದು ಹೇಗೆ?

"ಕತಿ ಹೆಂಗಿತ್ತು?" ಎಂದ, ಏನಾದರೂ ಕೇಳಬೇಕಲ್ಲ ಎಂದು.

ಕನಕಪ್ಪ ತಡವರಿಸಿದ. "ಛಲೋನ ಇರಬೇಕ್ರಿ. ಅಷ್ಟು ಮಂದಿ ಒಯ್ದಾರಲ್ಲ. ನನಗ ತಿಳೀಲಿಲ್ಲ, ಅಷ್ಟ."

ಲಕ್ಷ್ಮಣಪ್ಪನಿಗೆ ಇನ್ನು ಅವನ ಮುಖ ನೋಡಲಾಗಲಿಲ್ಲ. "ಅಕಿ ಯಮನೂರಮ್ಮ. ಆ ಮೂಲಿಗೆ ಮೆಣಸಿನಕಾಯಿ ಸಾಲಿನಾಗ ಅದಾಳ. ಹೋಗಿ ಕೊಡು, ಹೋಗು," ಎಂದ.

ಕನಕಪ್ಪ ಹೋದ, ಆದರೆ ಪುಸ್ತಕವನ್ನು ಚಾಪೆಯ ಮೇಲೆಯೇ ಬಿಟ್ಟು ಹೋದ. ಸ್ವಲ್ಪ ಹೊತ್ತಿನಲ್ಲಿ ಯಮನೂರಮ್ಮನನ್ನೇ ಕರೆದುಕೊಂಡು ಬಂದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಏದುಸಿರು ಬಿಡುತ್ತಿದ್ದಳು.

"ನಿಮ್ಮ ಕೈಲೇನ ಕೊಡ್ರಿ, ಅಣ್ಣಾರ," ಎಂದ ಕನಕಪ್ಪ. "ಅವತ್ತ ನಿಮ್ಮ ಎದುರಿಗೇ ಕಸಗೊಂಡೀನಿ."

ಲಕ್ಷ್ಮಣಪ್ಪ ಕೂತಲ್ಲಿಂದಲೇ ಪುಸ್ತಕ ಚಾಚಿದ. ಯಮನೂರಮ್ಮ ಖಾರದ ಕೈಯನ್ನು ಸೆರಗಿಗೆ ಒರೆಸಿ, ಎರಡೂ ಕೈಯಿಂದ ತೆಗೆದುಕೊಂಡು, ಹಣೆಗೊತ್ತಿಕೊಂಡಳು. "ಕಡೀದು ಸಿಗೂದು ಅಂದ್ರ ನಮ್ಮ ಮುದುಕನ ಪುಣ್ಯೆ," ಎಂದಳು.

"ಅಣ್ಣಾರ, ಚೂರು ಏಳ್ರಿ," ಎಂದ ಕನಕಪ್ಪ. "ಅಜ್ಜಿ ನಿಮ್ಮ ಕಂಬಳಿ ಮ್ಯಾಲೆ ಕುಂದರ್ಲಿ. ಒಂದೆರಡು ಹಾಳಿ ನಾನ ಓದಿ ಕೇಳಸ್ತೀನಿ."

ಲಕ್ಷ್ಮಣಪ್ಪ ಏಳಲಿಲ್ಲ. ಕಂಬಳಿಯ ಎರಡೂ ಅಂಚುಗಳನ್ನು ಅಂಗೈಯಿಂದ ಒತ್ತಿಹಿಡಿದು ತಲೆ ತಗ್ಗಿಸಿದ. ಕನಕಪ್ಪ ಇನ್ನೊಮ್ಮೆ ಕರೆದ. ಆಗಲೂ ಏಳಲಿಲ್ಲ.

ಯಮನೂರಮ್ಮ ಅವನ ಬೆವೆತ ಮುಖವನ್ನು ನೋಡಿದಳು. ಆಮೇಲೆ ಮೊಣಕಾಲು ಹಿಡಿದುಕೊಂಡು, ಬಿಸಿಲಿಗೆ ಕಾದ ನೆಲದ ಮೇಲೆಯೇ ಮೆಲ್ಲಗೆ ಕುಳಿತಳು.

"ಇರ್ಲಿ ಬಿಡಪ," ಎಂದಳು. "ಪಾಪ, ಅವಗ ಏಳಾಕ ಬರಂಗಿಲ್ಲೇನೊ."